‘ನಾನು ಯಾರು’ ಅಂತ ಕೇಳುವ ಮೊದಲು ಒಂದು ಸಲ ಹದ ನೋಡಿಕೊಳ್ಳಿ

ಎರಡು ವರ್ಷದ ಹಿಂದೆ ಕಾರ್ತಿಕ ಮಾಸದಲ್ಲಿ ನನಗೊಂದು ಹುಮ್ಮಸ್ಸು ಬಂತು. ಬೆಳಿಗ್ಗೆ ಐದಕ್ಕೆ ಎದ್ದು ಮೈಸೂರಿನ ನಮ್ಮ ಬಾಡಿಗೆ ಮನೆಯ ಟೆರೇಸ್ ಮೇಲೆ ಚಾಪೆ ಹಾಸಿ, ಶಾಲು ಹೊದ್ದು, ಕಣ್ಣು ಮುಚ್ಚಿ ‘ನಾನು ಯಾರು?’ ಅಂತ ಒಳಗೊಳಗೇ ಕೇಳಿಕೊಳ್ಳುವುದು. ರಮಣ ಮಹರ್ಷಿಗಳ ಒಂದು ಸಣ್ಣ ಪುಸ್ತಕ ಓದಿದ್ದೆ, ಒಂದಿಷ್ಟು ವೀಡಿಯೋ ನೋಡಿದ್ದೆ. ಅಷ್ಟೇ ಬಂಡವಾಳ. ನಾಲ್ಕನೇ ದಿನ ಉತ್ತರ ಬಂತು. ಬಹಳ ಸ್ಪಷ್ಟವಾಗಿಯೇ ಬಂತು.

‘ನೀನು ನಾಲೆ ಪಕ್ಕದ ಹನ್ನೆರಡು ಗುಂಟೆ ಮೋಸ ಹೋದವನು.’

ನಮ್ಮೂರು ಪಾಂಡವಪುರದ ಕಡೆ. ಅಪ್ಪ ಹೋದ ಮೇಲೆ ನನಗೂ ತಮ್ಮನಿಗೂ ಭಾಗ ಆಯಿತು. ನೀರು ಹತ್ತುವ ಹನ್ನೆರಡು ಗುಂಟೆ ಅವನ ಕಡೆ ಸೇರಿಹೋಯಿತು ಅನ್ನೋದು ನನ್ನ ತಕರಾರು. ಮೂರು ವರ್ಷದಿಂದ ನಾವಿಬ್ಬರೂ ಸರಿಯಾಗಿ ಮಾತಾಡಿರಲಿಲ್ಲ. ಕಣ್ಣು ಮುಚ್ಚಿ ಕೂತರೆ ಆತ್ಮ ಎಲ್ಲಿ ಕಾಣಬೇಕು, ಹೊಲದ ಬದು ಕಾಣುತ್ತಿತ್ತು.

ಆಮೇಲೆ ಸ್ವಲ್ಪ ಓದಿದೆ, ತಿಳಿದವರನ್ನು ಕೇಳಿದೆ, ಜಾಸ್ತಿ ಪೆಟ್ಟು ತಿಂದೆ. ಆತ್ಮವಿಚಾರ ಶುರು ಮಾಡಬೇಕು ಅಂತಿರುವವರಿಗೆ ಉಪಯೋಗಕ್ಕೆ ಬರಬಹುದು ಅಂತ ಬರೆಯುತ್ತಿದ್ದೇನೆ. ನಾನು ಗುರುವಲ್ಲ, ಯಾರಿಗೂ ದೀಕ್ಷೆ ಕೊಡುವವನೂ ಅಲ್ಲ. ಈ ದಾರಿಯಲ್ಲಿ ಎಲ್ಲೆಲ್ಲಿ ಹಳ್ಳ ಇದೆ ಅಂತ ಬಿದ್ದು ನೋಡಿದವನು, ಅಷ್ಟೇ.

‘ಅಥ’ ಅಂದರೆ ಆಮೇಲೆ. ಯಾವುದರ ಆಮೇಲೆ?

ವೇದಾಂತದ ಮೂಲಗ್ರಂಥಗಳಲ್ಲಿ ಒಂದಾದ ಬ್ರಹ್ಮಸೂತ್ರದ ಮೊದಲ ಸೂತ್ರ ‘ಅಥಾತೋ ಬ್ರಹ್ಮಜಿಜ್ಞಾಸಾ’. ಇದರಲ್ಲಿ ಮೊದಲ ಪದ ‘ಅಥ’, ಅಂದರೆ ‘ಆಮೇಲೆ’. ಬ್ರಹ್ಮವನ್ನು ತಿಳಿಯುವ ಆಸೆ ಏನೋ ಸರಿ, ಆದರೆ ಅದಕ್ಕೂ ಮುಂಚೆ ಏನಾಗಿರಬೇಕು? ಶಂಕರರು ಇದರ ಭಾಷ್ಯದಲ್ಲಿ ನಾಲ್ಕು ವಿಷಯ ಹೇಳುತ್ತಾರೆ: ವಿವೇಕ, ವೈರಾಗ್ಯ, ಶಮ ದಮ ಮೊದಲಾದ ಆರು ಗುಣ, ಬಿಡುಗಡೆ ಬೇಕೆಂಬ ಹಂಬಲ. ಇದಕ್ಕೇ ಸಾಧನ ಚತುಷ್ಟಯ ಅನ್ನುತ್ತಾರೆ. ಇವು ಇದ್ದವನೇ ಅಧಿಕಾರಿ. ಅಧಿಕಾರಿ ಅಂದ ತಕ್ಷಣ ತಾಲ್ಲೂಕು ಆಫೀಸು ನೆನಪಾಗುವುದು ನಮ್ಮ ಕರ್ಮ. ಇಲ್ಲಿ ಆ ಪದಕ್ಕೆ ‘ಹದ ಬಂದವನು’ ಅಂತ ಅರ್ಥ ಇಟ್ಟುಕೊಂಡರೆ ಸಾಕು.

ಹದ ಅಂದೆನಲ್ಲ, ಆ ಪದ ನಾನು ಕಲಿತಿದ್ದು ಆಲೆಮನೆಯಲ್ಲಿ. ಚಿಕ್ಕವನಿದ್ದಾಗ ದೊಡ್ಡಪ್ಪನ ಆಲೆಮನೆಗೆ ಹೋಗಿ ಕೂರುತ್ತಿದ್ದೆ. ಗಾಣದಿಂದ ಬಂದ ಕಬ್ಬಿನ ಹಾಲು ಕೊಪ್ಪರಿಗೆಗೆ ಬೀಳುತ್ತಿತ್ತು. ಕೆಳಗೆ ಒಣಗಿದ ಸಿಪ್ಪೆಯ ಉರಿ. ಕಾದಂತೆಲ್ಲ ಹಸಿರು ಮಿಶ್ರಿತ ಕಪ್ಪು ಕೊಳೆ ಮೇಲೆ ಬರುತ್ತಿತ್ತು, ಒಬ್ಬರು ಉದ್ದ ಹಿಡಿಯ ಜರಡಿಯಲ್ಲಿ ಅದನ್ನು ತೆಗೆದು ತೆಗೆದು ಪಕ್ಕಕ್ಕೆ ಹಾಕುತ್ತಲೇ ಇರಬೇಕು, ಒಂದು ಗಳಿಗೆ ಬಿಟ್ಟರೂ ಅದು ಮತ್ತೆ ಒಳಗೇ ಮುಳುಗಿ ಬೆಲ್ಲದ ಬಣ್ಣ ಕೆಡಿಸುತ್ತದೆ. ಕೊನೆಗೆ ಪಾಕ ಗಟ್ಟಿಯಾಗುವಾಗ ದೊಡ್ಡಪ್ಪ ಒಂದು ಚೂರು ತೆಗೆದು ತಣ್ಣೀರಿನ ಬೋಗುಣಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡೋರು. ನನಗೆ ಅವಸರ. ಬಿಸಿ ಬೆಲ್ಲ ತಿನ್ನಬೇಕು. ‘ಇನ್ನೂ ಹದ ಬಂದಿಲ್ಲ ಕನ್ಲಾ ಮಗ, ಈಗ್ಲೇ ಸುರುದ್ರೆ ಅಚ್ಚು ಕೂರಕಿಲ್ಲ’ ಅನ್ನೋರು. ಕಬ್ಬು ಅದೇ, ಉರಿ ಅದೇ, ಅಚ್ಚೂ ಅದೇ. ಹತ್ತು ನಿಮಿಷ ಮುಂಚೆ ಸುರಿದರೆ ಅಂಟು, ತಡವಾದರೆ ಸೀದ ವಾಸನೆ.

ನಾನು ಟೆರೇಸ್ ಮೇಲೆ ಮಾಡಿದ್ದು ಅದೇ ಕೆಲಸ. ಹಸಿ ಕಬ್ಬಿನ ಹಾಲನ್ನೇ ಅಚ್ಚಿಗೆ ಸುರಿದು ಬೆಲ್ಲ ಯಾಕೆ ಆಗಲಿಲ್ಲ ಅಂತ ಕಾಯುತ್ತಿದ್ದೆ.

ವಿವೇಕ: ದೀಪ ಉರಿಯುವಾಗಲೇ ಗೊತ್ತಿರಬೇಕು

ಯಾವುದು ನಿಲ್ಲುತ್ತದೆ, ಯಾವುದು ಹೋಗುತ್ತದೆ ಅಂತ ಬೇರೆ ಮಾಡಿ ನೋಡುವುದು ವಿವೇಕ. ಎಲ್ಲರಿಗೂ ಗೊತ್ತಿರುವ ವಿಷಯ ಅನ್ನಿಸುತ್ತದೆ ಅಲ್ವಾ? ಭಾನುವಾರ ಸಂಜೆ ಅರಮನೆ ದೀಪ ನೋಡಲು ನಿಂತಿರುತ್ತೀರಿ. ಸ್ವಲ್ಪ ಹೊತ್ತಿಗೆ ಆರುತ್ತದೆ ಅಂತ ಅಲ್ಲಿರುವ ಪ್ರತಿಯೊಬ್ಬರಿಗೂ ಗೊತ್ತು. ಆದರೂ ಆರಿದ ಕ್ಷಣ ಇಡೀ ಗುಂಪು ‘ಅಯ್ಯೋ’ ಅನ್ನುತ್ತದೆ. ಆ ‘ಅಯ್ಯೋ’ ಇರುವ ತನಕ ನಮ್ಮ ತಿಳುವಳಿಕೆ ತಲೆಯಲ್ಲಿದೆ, ಹೊಟ್ಟೆಗೆ ಇಳಿದಿಲ್ಲ.

ಮಾಡಬೇಕಾದ್ದು ಸುಲಭ. ರಾತ್ರಿ ಮಲಗುವ ಮುಂಚೆ ಹತ್ತು ನಿಮಿಷ ಒಂದು ನೋಟ್‌ಬುಕ್ಕಿನಲ್ಲಿ, ಇವತ್ತು ನನ್ನನ್ನು ಜಾಸ್ತಿ ಎಳೆದಾಡಿದ್ದು ಯಾವುದು ಅಂತ ಒಂದೇ ಒಂದು ಸಾಲು ಬರೆಯಿರಿ. ವ್ಯಾಖ್ಯಾನ ಬೇಡ. ತಿಂಗಳಾದ ಮೇಲೆ ತಿರುಗಿ ಓದಿ. ನನ್ನ ನೋಟ್‌ಬುಕ್ಕಿನಲ್ಲಿ ಒಂದು ದಿನ ‘ಆಫೀಸಲ್ಲಿ ಕುರ್ಚಿ ಬದಲಾಯಿಸಿದರು’ ಅಂತ ಇದೆ. ಅದು ಯಾವ ಕುರ್ಚಿ ಅಂತ ಈಗ ನನಗೇ ಜ್ಞಾಪಕ ಇಲ್ಲ, ಅವತ್ತು ಮಾತ್ರ ಅದಕ್ಕೆ ಊಟ ಬಿಟ್ಟಿದ್ದೆ.

ವೈರಾಗ್ಯ ಅಂತ ನಾವು ಕರೆಯುವುದರಲ್ಲಿ ಮುಕ್ಕಾಲು ಪಾಲು ವೈರಾಗ್ಯವಲ್ಲ

ನಮ್ಮ ಜನ ಇದನ್ನು ಯಾವತ್ತೋ ಕಂಡುಕೊಂಡು ಹೆಸರನ್ನೂ ಇಟ್ಟಿದ್ದಾರೆ. ಸ್ಮಶಾನ ವೈರಾಗ್ಯ: ಮಣ್ಣು ಮಾಡಿ ಬಂದು ಸ್ನಾನ ಮಾಡುವವರೆಗೆ. ಪ್ರಸವ ವೈರಾಗ್ಯ: ಹೆರಿಗೆ ನೋವು ಮರೆಯುವವರೆಗೆ. ಪುರಾಣ ವೈರಾಗ್ಯ: ಹರಿಕಥೆ ಕೇಳಿ ಎದ್ದು ಚಪ್ಪಲಿ ಹುಡುಕುವವರೆಗೆ. ಅಭಾವ ವೈರಾಗ್ಯ ಅಂತೊಂದಿದೆ, ಸಿಗದೇ ಇದ್ದಿದ್ದಕ್ಕೆ ‘ನನಗೆ ಬೇಡ ಬಿಡಿ’ ಅನ್ನುವುದು. ‘ಜಮೀನು ಎಲ್ಲ ಮಾಯೆ ಕಣೇ’ ಅಂತ ನಾನು ಹೆಂಡತಿಗೆ ಹೇಳುತ್ತಿದ್ದದ್ದು ಈ ಕೊನೆಯದು. ಅವಳು ಕೇಳಿದಳು, ‘ಹಾಗಾದ್ರೆ ತಮ್ಮನಿಗೆ ಫೋನ್ ಮಾಡಿ ಇಟ್ಕೋಪ್ಪಾ ಅಂತ ಹೇಳಿಬಿಡಿ.’ ನಾನು ಪೇಪರ್ ತೆಗೆದುಕೊಂಡು ಆಚೆ ಹೋದೆ.

ಶಾಸ್ತ್ರದ ಅಳತೆ ಇನ್ನೂ ಬಿಗಿ. ಈ ಲೋಕದ ಭೋಗ ಅಷ್ಟೇ ಅಲ್ಲ, ಸತ್ತ ಮೇಲೆ ಸ್ವರ್ಗದಲ್ಲಿ ಸಿಗುವ ಭೋಗವೂ ಬೇಡ ಅನ್ನಿಸಬೇಕು. ಅಂದರೆ ಪುಣ್ಯದ ಲೆಕ್ಕ ಇಟ್ಟುಕೊಂಡು ಕೂರುವಂತಿಲ್ಲ. ಕಠೋಪನಿಷತ್ತಿನಲ್ಲಿ ಸತ್ತ ಮೇಲೆ ಏನು ಅಂತ ಕೇಳಿದ ಹುಡುಗ ನಚಿಕೇತನಿಗೆ ಯಮ ದೀರ್ಘಾಯುಸ್ಸು, ಆನೆ ಕುದುರೆ, ಭೂಮಿ, ಚಿನ್ನ ಎಲ್ಲ ಕೊಡುತ್ತೇನೆ, ಆ ಪ್ರಶ್ನೆ ಮಾತ್ರ ಬಿಡು ಅನ್ನುತ್ತಾನೆ. ಹುಡುಗ ನಿನ್ನ ರಥ, ನಿನ್ನ ಕುಣಿತ ಹಾಡು ನೀನೇ ಇಟ್ಟುಕೋ ಅಂದುಬಿಡುತ್ತಾನೆ. ಗಮನಿಸಿ, ಭೂಮಿಯೂ ಆ ಪಟ್ಟಿಯಲ್ಲಿದೆ. ನಾನು ಹನ್ನೆರಡು ಗುಂಟೆಗೆ ಬಿದ್ದಿದ್ದೆ.

ಎಲ್ಲ ಬಿಟ್ಟು ಬೆಟ್ಟ ಹತ್ತುವುದು ನಮ್ಮಂಥ ಸಂಸಾರಸ್ಥರಿಗೆ ಆಗದ ಮಾತು, ಆಗಬೇಕಾಗಿಯೂ ಇಲ್ಲ. ಒಂದೇ ಒಂದು ಚಟ ಆರಿಸಿಕೊಳ್ಳಿ. ನನ್ನದು ಹತ್ತು ಗಂಟೆಯ ಎರಡನೇ ಕಾಫಿ. ಅದನ್ನು ಬಿಡಲಿಲ್ಲ. ಸಿಗದ ದಿನ ಮೋರೆ ಎಷ್ಟು ಹೊತ್ತು ಗಂಟು ಹಾಕಿಕೊಂಡಿರುತ್ತದೆ ಅಂತ ನೋಡುತ್ತಾ ಹೋದೆ. ಮೊದಮೊದಲು ಮಧ್ಯಾಹ್ನದವರೆಗೆ. ನೋಡುತ್ತಾ ನೋಡುತ್ತಾ ಅದು ಅರ್ಧ ಗಂಟೆಗೆ ಇಳಿಯಿತು. ಕುಡಿಯುವುದು ಬಿಡುವುದು ಮುಖ್ಯ ಅಲ್ಲ, ಸಿಗದಿದ್ದಾಗ ಎಷ್ಟು ಬೇಗ ಸುಮ್ಮನಾಗುತ್ತೀರಿ ಅನ್ನೋದನ್ನು ನೋಡಿ.

ಆರು ಗುಣಗಳು

ಶಮ, ದಮ, ಉಪರತಿ, ತಿತಿಕ್ಷೆ, ಶ್ರದ್ಧೆ, ಸಮಾಧಾನ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯರು ಜನಕನಿಗೆ ಹೇಳುವ ಮಾತಿನಲ್ಲಿ ಇವುಗಳ ಬೇರು ಇದೆ: ಶಾಂತ, ದಾಂತ, ಉಪರತ, ತಿತಿಕ್ಷು, ಸಮಾಹಿತ ಆಗಿ ಆತ್ಮವನ್ನು ಕಾಣುತ್ತಾನೆ ಅಂತ.

ಪಟ್ಟಿಯಲ್ಲಿ ಶಮ, ಅಂದರೆ ಮನಸ್ಸಿನ ನಿಗ್ರಹ, ಮೊದಲು ಬರುತ್ತದೆ. ನನ್ನ ಸಲಹೆ, ದಮದಿಂದ ಶುರು ಮಾಡಿ. ದಮ ಅಂದರೆ ಇಂದ್ರಿಯ ನಿಗ್ರಹ. ಮನಸ್ಸು ಕಣ್ಣಿಗೆ ಕಾಣುವುದಿಲ್ಲ, ಮೊಬೈಲ್ ಕಾಣುತ್ತದೆ. ರಾತ್ರಿ ಅದನ್ನು ಅಡುಗೆಮನೆಯ ಶೆಲ್ಫಿನಲ್ಲಿ ಚಾರ್ಜಿಗೆ ಹಾಕಿ, ಬೆಳಿಗ್ಗೆ ತಿಂಡಿ ಆಗುವವರೆಗೆ ಮುಟ್ಟಬೇಡಿ. ಎರಡು ವಾರ ಇಷ್ಟೇ. ಈ ಒಂದು ಕೆಲಸ ಮಾಡಲಾಗದೇ ಇದ್ದರೆ ಉಳಿದ ಐದರ ಬಗ್ಗೆ ಓದುವುದು ಸುಮ್ನೆ ಕಾಲಹರಣ. ನಾಲಿಗೆಯೂ ಇಂದ್ರಿಯವೇ, ಅದಕ್ಕೆ ರುಚಿಯ ಕೆಲಸ ಒಂದು, ಮಾತಿನ ಕೆಲಸ ಒಂದು. ಮಿತವಾದ ಸಾತ್ವಿಕ ಆಹಾರ ಮನಸ್ಸಿಗೆ ದೊಡ್ಡ ಸಹಾಯ ಅಂತ ರಮಣರೂ ಹೇಳಿದ್ದಾರೆ. ಮದುವೆ ಊಟ ಮಾಡಿ ಬಂದು ಧ್ಯಾನಕ್ಕೆ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಉಪರತಿ ವಿಷಯದಲ್ಲಿ ನನಗೆ ಆಶ್ಚರ್ಯ ಕಾದಿತ್ತು. ಎಲ್ಲದರಿಂದ ಹಿಂದೆ ಸರಿಯುವುದು ಅಂತ ಅಂದುಕೊಂಡಿದ್ದೆ. ತತ್ತ್ವಬೋಧ ಅನ್ನುವ ಸಣ್ಣ ಗ್ರಂಥದಲ್ಲಿ ಇದನ್ನೇ ಉಪರಮ ಅಂತ ಕರೆದು, ‘ಉಪರಮ ಅಂದರೆ ಸ್ವಧರ್ಮವನ್ನು ಆಚರಿಸುವುದೇ’ ಅಂತ ಇದೆ. ನಿಮ್ಮ ಪಾಲಿನ ಕೆಲಸ ಮಾಡಿ ಮುಗಿಸಿ ಅಂತ. ಕರೆಂಟ್ ಬಿಲ್ ಕಟ್ಟುವುದು, ಅಮ್ಮನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದು, ಕೊಟ್ಟ ಸಾಲದ ಬಗ್ಗೆ ಮುಖ ನೋಡಿ ಮಾತಾಡುವುದು. ಬಾಕಿ ಉಳಿಸಿಕೊಂಡ ಕೆಲಸಗಳೇ ಕಣ್ಣು ಮುಚ್ಚಿದಾಗ ಸಾಲಾಗಿ ಬಂದು ನಿಲ್ಲುತ್ತವೆ. ನನ್ನ ಬದು ಬಂದು ನಿಂತಿತ್ತಲ್ಲ, ಹಾಗೆ.

ತಿತಿಕ್ಷೆ ಅಂದರೆ ಸಹನೆ. ಬೇಸಿಗೆಯಲ್ಲಿ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವವರನ್ನು ನೋಡಿ. ಸುಮಾರು ಸಾವಿರ ಮೆಟ್ಟಿಲು, ನಂದಿ ಸಿಗುವುದು ಮುಕ್ಕಾಲು ದಾರಿಯ ಹತ್ತಿರ. ಕೆಲವರು ನೂರನೇ ಮೆಟ್ಟಿಲಿನಿಂದಲೇ ಗೊಣಗಲು ಶುರು ಮಾಡಿ ನಂದಿಯವರೆಗೂ ಗೊಣಗುತ್ತಲೇ ಹತ್ತುತ್ತಾರೆ. ಹತ್ತಿದ್ದಂತೂ ನಿಜ, ಆದರೆ ಅದು ತಿತಿಕ್ಷೆ ಅಲ್ಲ. ಪ್ರತೀಕಾರ ಮಾಡದೆ, ಚಿಂತೆ ಗೋಳಾಟ ಇಲ್ಲದೆ ಸಹಿಸಿದರೆ ಮಾತ್ರ ತಿತಿಕ್ಷೆ ಅಂತ ವಿವೇಕಚೂಡಾಮಣಿ ಷರತ್ತು ಹಾಕುತ್ತದೆ. ಬಿಸಿಲು, ಸೆಕೆ, ಕರೆಂಟ್ ಹೋಗುವುದು, ಮದುವೆ ಮನೆಯಲ್ಲಿ ನೆಂಟರ ಚುಚ್ಚುಮಾತು, ಇವುಗಳ ಮೇಲೆ ಅಭ್ಯಾಸ ಮಾಡಿ. ಆದರೆ ಒಂದು ಮಾತು. ಮನೆಯಲ್ಲಿ ಯಾರಾದರೂ ಹೊಡೆಯುತ್ತಿದ್ದರೆ ಅಥವಾ ಹಿಂಸೆ ಕೊಡುತ್ತಿದ್ದರೆ ಅದನ್ನು ತಿತಿಕ್ಷೆ ಅಂತ ನುಂಗಿಕೊಳ್ಳಬೇಡಿ. ಹೊರಗೆ ಬನ್ನಿ, ಸಹಾಯ ಕೇಳಿ. ಯಾವ ಉಪನಿಷತ್ತೂ ಹೊಡೆತ ತಿನ್ನಿ ಅಂತ ಹೇಳಿಲ್ಲ.

ಶ್ರದ್ಧೆ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಗುರು ಮತ್ತು ಶಾಸ್ತ್ರದ ಮಾತನ್ನು ಪ್ರಯೋಗ ಮಾಡಿ ನೋಡುವಷ್ಟು ನಂಬಿಕೆ. ದಿನಕ್ಕೊಬ್ಬ ಗುರುವಿನ ವೀಡಿಯೋ ನೋಡಿದರೆ ಇದು ಬೆಳೆಯುವುದಿಲ್ಲ. ಒಂದು ಕಡೆ ಬಾವಿ ತೋಡಿ.

ಸಮಾಧಾನ ಅಂದರೆ ನಮ್ಮ ಮಾತಿನಲ್ಲಿ ಅಳುವವರನ್ನು ಸುಮ್ಮನಾಗಿಸುವುದು. ವೇದಾಂತದಲ್ಲಿ ಅದರ ಅರ್ಥ ಬೇರೆ, ಚಿತ್ತ ಒಂದೇ ಕಡೆ ನಿಲ್ಲುವುದು. ಈ ವ್ಯತ್ಯಾಸ ಗೊತ್ತಿಲ್ಲದೆ ನಾನು ಬಹಳ ದಿನ ಟೆರೇಸ್ ಮೇಲೆ ನನ್ನನ್ನು ನಾನೇ ಸಂತೈಸಿಕೊಳ್ಳುತ್ತಿದ್ದೆ. ಕೂತು ಎದ್ದಾಗ ಹಿತವಾಗಿರುತ್ತಿತ್ತು, ಸತ್ಯ. ಮನಸ್ಸು ನಿಂತಿರಲಿಲ್ಲ, ಸುಮ್ನೆ ಮುದ್ದು ಮಾಡಿಸಿಕೊಂಡಿತ್ತು.

ಇನ್ನು ನಾಲ್ಕನೆಯ ಸಾಧನ ಮುಮುಕ್ಷುತ್ವ, ಬಿಡುಗಡೆಯ ಹಂಬಲ. ಇದನ್ನು ಅಭ್ಯಾಸ ಮಾಡಿ ತರಿಸಿಕೊಳ್ಳುವುದು ಹೇಗೆ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಹಸಿವನ್ನು ಯಾರಾದರೂ ಅಭ್ಯಾಸ ಮಾಡುತ್ತಾರಾ? ಕುರುಕಲು ತಿನ್ನುವುದು ನಿಲ್ಲಿಸಿದರೆ ತಾನಾಗಿ ಆಗುತ್ತದೆ.

ಮೇಲುಕೋಟೆ ಕಡೆಯ ಮಾತನ್ನೂ ಕೇಳಿ

ಮಂಡ್ಯ ಜಿಲ್ಲೆಯವನಾಗಿ ಇದನ್ನು ಹೇಳದೆ ಇದ್ದರೆ ತಪ್ಪಾಗುತ್ತದೆ. ಮೇಲುಕೋಟೆಯಲ್ಲಿ ಎಷ್ಟೋ ವರ್ಷ ಇದ್ದ ರಾಮಾನುಜರು ‘ಅಥ’ ಪದಕ್ಕೆ ಶಂಕರರ ಅರ್ಥ ಒಪ್ಪುವುದಿಲ್ಲ. ಕರ್ಮದ ವಿಚಾರ ಮಾಡಿ, ಅದರ ಫಲ ಅಲ್ಪ, ನಿಲ್ಲುವಂಥದ್ದಲ್ಲ ಅಂತ ತಿಳಿದ ಮೇಲೆ ಅನ್ನುತ್ತಾರೆ. ಅವರು ಎತ್ತಿ ಹೇಳುವ ಸಿದ್ಧತೆಯ ಪಟ್ಟಿಯಲ್ಲಿ ಏಳು ಇವೆ: ವಿವೇಕ, ವಿಮೋಕ, ಅಭ್ಯಾಸ, ಕ್ರಿಯಾ, ಕಲ್ಯಾಣ, ಅನವಸಾದ, ಅನುದ್ಧರ್ಷ. ಅಲ್ಲಿ ಅದು ಭಕ್ತಿಗೆ ಸಿದ್ಧತೆ. ವಿವೇಕ ಅಂದರೆ ಆಹಾರಶುದ್ಧಿ. ಅದೇ ಪದ, ಶಂಕರರಲ್ಲಿ ನಿತ್ಯ ಅನಿತ್ಯ, ರಾಮಾನುಜರಲ್ಲಿ ಊಟದ ಎಲೆ!

ಕೊನೆಯ ಎರಡು ನನಗೆ ತುಂಬಾ ಉಪಯೋಗಕ್ಕೆ ಬಂದವು. ಅನವಸಾದ ಅಂದರೆ ಕುಗ್ಗದೇ ಇರುವುದು. ಅನುದ್ಧರ್ಷ ಅಂದರೆ ಅತಿಯಾಗಿ ಉಬ್ಬದೇ ಇರುವುದು. ಒಂದು ದಿನ ಕೂತಾಗ ಮನಸ್ಸು ಐದು ನಿಮಿಷ ಪೂರ್ತಿ ನಿಂತಿತು. ಕೆಳಗಿಳಿದು ಬಂದವನೇ ಎಲ್ಲರಿಗೂ ಹೇಳಿಕೊಂಡು ತಿರುಗಿದೆ, ಸಂಜೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್ ಗೆಳೆಯನಿಗೆ ಅರ್ಧ ಗಂಟೆ ಉಪದೇಶ ಮಾಡಿದೆ. ಮಾರನೇ ದಿನದಿಂದ ಒಂದು ವಾರ ಏನೂ ಇಲ್ಲ, ಬರೀ ತೂಕಡಿಕೆ. ಇದು ನನ್ನಂಥವನಿಗಲ್ಲ ಅಂತ ಚಾಪೆ ಸುತ್ತಿಟ್ಟೆ. ಉಬ್ಬಿದ್ದಕ್ಕೇ ಕುಗ್ಗಿದ್ದು.

ಈ ಕುಗ್ಗುವಿಕೆ ವಾರಗಟ್ಟಲೆ ಬಿಡದೇ ಇದ್ದರೆ, ನಿದ್ದೆ ಬರುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ, ವಿಚಾರ ಪಕ್ಕಕ್ಕಿಟ್ಟು ಮೊದಲು ಡಾಕ್ಟರ ಹತ್ತಿರ ಹೋಗಿ. ಅದು ವೈರಾಗ್ಯ ಅಲ್ಲ, ಕಾಯಿಲೆ. ಚಿಕಿತ್ಸೆ ಇದೆ.

ಹಾಗಾದರೆ ಎಲ್ಲ ಗುಣ ಬರುವವರೆಗೆ ಕಾಯಬೇಕಾ?

ಎಲ್ಲರೂ ಕೇಳುವ ಪ್ರಶ್ನೆ ಇದು. ಜೊತೆಗೆ ಇನ್ನೊಂದು, ರಮಣರು ಏನು ಸಿದ್ಧತೆ ಮಾಡಿಕೊಂಡಿದ್ದರು? 1896ರಲ್ಲಿ ಮದುರೆಯಲ್ಲಿ, ಹದಿನಾರು ವರ್ಷದ ಹುಡುಗ, ಇದ್ದಕ್ಕಿದ್ದಂತೆ ಸಾವಿನ ಭಯ ಬಂದು, ಸಾಯುವುದು ಯಾರು ಅಂತ ಒಳಗೆ ನೋಡಿದ. ಮುಗಿಯಿತು. ನಿಜ. ಆದರೆ ಅದೇ ವರ್ಷ ಸೆಪ್ಟೆಂಬರ್ 1ಕ್ಕೆ ತಿರುವಣ್ಣಾಮಲೆಗೆ ಬಂದವರು 1950ರಲ್ಲಿ ದೇಹ ಬಿಡುವವರೆಗೆ ಅಲ್ಲಿಂದ ಕದಲಲಿಲ್ಲ. ನಮಗೆ ಭಾನುವಾರ ಬಂದರೆ ಮಾಲ್‌ಗೆ ಹೋಗಬೇಕು.

ಕಾಯುವುದು ಬೇಡ, ಹಾರುವುದೂ ಬೇಡ ಅನ್ನೋದು ನನ್ನ ಲೆಕ್ಕ. ಉರಿ ಹಾಕಿದರೆ ತಾನೇ ಕೊಳೆ ಮೇಲೆ ಬರುವುದು? ವಿಚಾರವನ್ನು ಸಣ್ಣ ಉರಿಯಲ್ಲಿ ಇಡಿ, ಜರಡಿ ಕೈಯಲ್ಲಿರಲಿ. ದಿನಕ್ಕೆ ಹದಿನೈದು ನಿಮಿಷ ಕೂರುವುದು. ಉಳಿದ ಹೊತ್ತು ಮೇಲೆ ಹೇಳಿದ್ದರಲ್ಲಿ ಒಂದನ್ನು, ಒಂದನ್ನೇ, ಹಿಡಿದುಕೊಳ್ಳುವುದು.

ಕೂತಾಗ ಏನು ಮಾಡಬೇಕು? ‘ನಾನು ಯಾರು ನಾನು ಯಾರು’ ಅಂತ ಜಪ ಮಾಡುವುದಲ್ಲ. ಅದೇ ತಪ್ಪನ್ನು ನಾನು ತಿಂಗಳುಗಟ್ಟಲೆ ಮಾಡಿದೆ. ರಮಣರ ಕ್ರಮ ಬೇರೆ. ಒಂದು ಯೋಚನೆ ಎದ್ದಾಗ ಅದರ ಹಿಂದೆ ಓಡದೆ, ಈ ಯೋಚನೆ ಬಂದದ್ದು ಯಾರಿಗೆ ಅಂತ ಕೇಳುವುದು. ನನಗೆ ಅಂತ ಗೊತ್ತಾಗುತ್ತದೆ. ಆ ‘ನಾನು’ ಯಾರು ಅಂತ ಗಮನವನ್ನು ಅಲ್ಲಿಗೇ ತಿರುಗಿಸುವುದು. ಮಾತಿನಲ್ಲಿ ಉತ್ತರ ಹುಡುಕಬೇಡಿ. ಮಾತಿನಲ್ಲಿ ಬೇಗ ಸಿಗುವ ಉತ್ತರದ ಗತಿ ಏನಾಗುತ್ತದೆ ಅಂತ ಛಾಂದೋಗ್ಯ ಉಪನಿಷತ್ತಿನಲ್ಲಿ ಕಥೆಯೇ ಇದೆ. ಆತ್ಮ ಅಂದರೆ ಏನು ಅಂತ ತಿಳಿಯಲು ದೇವತೆಗಳ ಕಡೆಯಿಂದ ಇಂದ್ರ, ಅಸುರರ ಕಡೆಯಿಂದ ವಿರೋಚನ ಇಬ್ಬರೂ ಪ್ರಜಾಪತಿಯ ಹತ್ತಿರ 32 ವರ್ಷ ಇದ್ದು, ನೀರಿನಲ್ಲಿ ತಮ್ಮ ಪ್ರತಿಬಿಂಬ ನೋಡಿ, ದೇಹವೇ ಆತ್ಮ ಅಂದುಕೊಂಡು ಹೊರಟರು. ವಿರೋಚನ ಖುಷಿಯಾಗಿ ಮನೆ ಸೇರಿದ. ಇಂದ್ರನಿಗೆ ಅರ್ಧ ದಾರಿಯಲ್ಲಿ ಅನುಮಾನ ಬಂತು, ವಾಪಸ್ ಬಂದ. ಹೀಗೆ ಬಂದು ಬಂದು ಒಟ್ಟು 101 ವರ್ಷ ಆಯಿತು. ನನಗೆ ಹನ್ನೆರಡು ಗುಂಟೆಯ ಉತ್ತರ ನಾಲ್ಕು ದಿನಕ್ಕೇ ಬಂದಿತ್ತು.

ಹದ ಬರುತ್ತಿದೆಯಾ ಅಂತ ನೋಡುವ ತಣ್ಣೀರಿನ ಬೋಗುಣಿ ಧ್ಯಾನದ ಚಾಪೆಯ ಮೇಲೆ ಇರುವುದಿಲ್ಲ, ಮನೆಯಲ್ಲಿರುತ್ತದೆ. ಮನೆಯವರನ್ನೇ ಕೇಳಿ. ನಾನು ಕೇಳಿದಾಗ ಹೆಂಡತಿ ‘ನೀವು ಕೂತೆದ್ದ ದಿನಾನೇ ಜಾಸ್ತಿ ರೇಗ್ತೀರಿ’ ಅಂದಳು. ಸಿಟ್ಟು ಬಂತು. ಅಲ್ಲಿಗೆ ಪರೀಕ್ಷೆ ಮುಗಿಯಿತು, ಫಲಿತಾಂಶವೂ ಬಂತು. ಆಮೇಲೆ ಬೆಳಗಿನ ಕೂರುವುದನ್ನು ಅರ್ಧ ಮಾಡಿ, ಉಳಿದ ಹೊತ್ತಿನಲ್ಲಿ ಹೂವು ಬಿಡಿಸಿ ತರುವುದು, ನೀರು ಹಿಡಿಯುವುದು ನನ್ನ ಪಾಲಿಗೆ ತೆಗೆದುಕೊಂಡೆ. ಏಳು ತಿಂಗಳ ನಂತರ ಅವಳೇ ಒಂದು ದಿನ ‘ಈಗ ಪರವಾಗಿಲ್ಲ’ ಅಂದಳು.

ಆ ವಾರವೇ ತಮ್ಮನಿಗೆ ಫೋನ್ ಮಾಡಿದೆ. ‘ಅಣ್ಣ, ನೀನೇನಾ?’ ಅಂತ ಎರಡು ಸಲ ಕೇಳಿದ. ಯಾರಿಗೆ ಯಾರು ಮೋಸ ಮಾಡಿದರು ಅನ್ನುವ ಮಾತು ಇಬ್ಬರೂ ಎತ್ತಲಿಲ್ಲ, ಕಬ್ಬು ಕಟಾವಿನ ವಿಷಯ ಮಾತಾಡಿದೆವು. ಬಿಟ್ಟುಕೊಟ್ಟೆ ಅಂತಲೂ ನಾನು ಹೇಳಿಲ್ಲ, ಅಳತೆ ಆಗಲಿ ಅಂದೆ, ಅವನೂ ಒಪ್ಪಿದ. ಮುಂದಿನ ಗುರುವಾರ ಪೋಡಿಗೆ, ಅಂದರೆ ಜಮೀನು ಅಳೆದು ಅವರವರ ಭಾಗ ಬೇರೆ ಮಾಡುವುದಕ್ಕೆ, ಸರ್ವೆಯವರು ಬರುತ್ತಾರಂತೆ. ಆರು ಗಂಟೆ ಬಸ್ಸಿಗೆ ಹೋಗಬೇಕು, ಅವತ್ತು ಟೆರೇಸ್ ಮೇಲೆ ಕೂರಲು ಆಗುವುದಿಲ್ಲ. ಸರಪಳಿ ಹಿಡಿದು ಬದುವಿನ ಮೇಲೆ ನಿಂತಾಗ ‘ಯಾರಿಗೆ?’ ಅಂತ ಕೇಳಿಕೊಳ್ಳಲು ನೆನಪಾಗುತ್ತದೋ ಇಲ್ಲವೋ ನೋಡಬೇಕು.